ಮಡಿಸಿ ಹೊಲಿದ ಅಂಚು

ಭಾನುವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಅಕ್ಕನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೀನಿ ಎಂದು ಸುಳ್ಳು ಹೇಳುತ್ತೀಯ. ನಿನ್ನ ಹೊಲಿಗೆ ಕೋಣೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ನಾಟಕದ ರಾಣಿಗೆಂದು ನೀನು ಅರ್ಧಕ್ಕೆ ಬಿಟ್ಟ ಲಂಗದ ಮೇಲೆ ಬಿಸಿಲು ಬಿದ್ದಿದೆ. ಮೊನ್ನೆಯಿಂದ ನನಗೆ ಮೈಯೆಲ್ಲ ಹಗುರ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾಕೆಂದು ಕೇಳಬೇಡ.

ಈಗಷ್ಟೇ ತೂಕಡಿಸಿದಾಗ ಒಂದು ಕನಸು. ನಿನ್ನ ರಕ್ತದ ಕ್ಯಾನ್ಸರಿಗೆ ನಾನು ಕೊಡಬೇಕಾದ, ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳೆಲ್ಲ ಪುಟ್ಟ ಮಕ್ಕಳಾಗಿ ನಿನ್ನ ಮೈಯೊಳಗೆ ತೇಲುತ್ತಿದ್ದವು. ನಿನ್ನ ಮೂಳೆಗಳಲ್ಲಿ ಮನೆ ಹುಡುಕುತ್ತ, ಬಾಗಿಲು ತಟ್ಟಿ, ನಾವು ತಂಗಿ ಕಡೆಯವರು ಕಣ್ರೀ ಅನ್ನುತ್ತಿದ್ದವು. ನನಗೆ ನಗು. ಅಷ್ಟರಲ್ಲಿ ಎಲ್ಲಿಂದಲೋ ಹೊಗೆ ಬಂತು. ಮಕ್ಕಳು ಕೆಮ್ಮುತ್ತ ನಿಂತುಬಿಟ್ಟವು. ಎಚ್ಚರವಾದಾಗ ಅಳುತ್ತಿದ್ದೆ.

ನಿನ್ನೆ ಆಸ್ಪತ್ರೆಯಿಂದ ಒಗೆಯಲು ತಂದ ಬಟ್ಟೆಗಳಲ್ಲಿ ನಿನ್ನ ನೀಲಿ ನೈಟಿಯೂ ಇತ್ತು. ನೀನು ಮಲಗಿದ್ದಾಗ ನರ್ಸ್ ಗಂಟಿಗೆ ಸೇರಿಸಿದ್ದರು. ಅದರ ಅಂಚು ಯಾಕೋ ದಪ್ಪ. ಹೊಲಿಗೆ ಮಾತ್ರ ಕಣ್ಣಿಗೇ ಬೀಳುವುದಿಲ್ಲ. ರಂಗದ ಮೇಲೆ ಲಂಗ ಹಾರದಿರಲೆಂದು ಅಂಚಿನೊಳಗೆ ಸೀಸದ ಗುಂಡು ಮಡಿಸಿ ಹೊಲಿಯುವ ನಿನ್ನದೇ ಕೈಚಳಕ. ಬಿಚ್ಚಿದರೆ ಸೀಸವಲ್ಲ, ಸಿಗರೇಟು.

ವರ್ಷದ ಹಿಂದೆಯೇ ಬಿಟ್ಟೆ ಎಂದು ಡಾಕ್ಟರಮ್ಮನ ಮುಂದೆ ರೀಲು ಬಿಟ್ಟೆಯಲ್ಲೇ! ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿರಲಿಲ್ಲವೇ, ಸೇದೋರಿಗೆ ಕಸಿ ಆದ್ಮೇಲೆ ಶ್ವಾಸಕೋಶ ಕೈಕೊಡೋ ಭಯ ಜಾಸ್ತಿ ಕಣಮ್ಮ, ಸೋಂಕು ಬಂದ್ರೆ ತಡ್ಕೊಳ್ಳೋದು ಕಷ್ಟ, ಬದುಕಿ ಉಳಿಯೋರೂ ಕಡಿಮೆ, ಈಗ ಬಿಟ್ರೂ ಒಳ್ಳೇದೇ, ಆದ್ರೆ ನಮ್ಮ ಹತ್ರ ಮುಚ್ಚಿಡಬೇಡಿ ಅಂತ? ನೀನು ಎಲ್ಲದಕ್ಕೂ ತಲೆಯಾಡಿಸಿದೆ. ಆಗಲೂ ಆ ನೈಟಿ ನಿನ್ನ ಮೈಮೇಲೇ ಇತ್ತು.

ಸಿಟ್ಟು ನೆತ್ತಿಗೇರಿದೆ, ಅಕ್ಕ. ಯಾಕೆ ಸೇದುತ್ತೀಯೆಂದೂ ಗೊತ್ತು. ಒಂದು ದಮ್ಮು ಎಳೆದ್ರೆ ಕೈ ನಡುಗೋದು ನಿಲ್ಲತ್ತೆ ಕಣೇ ಎಂದು ನೀನೇ ಹೇಳಿದ್ದೆ. ಆ ನಡುಕಕ್ಕೂ ಡಾಕ್ಟರಮ್ಮನ ಹತ್ತಿರ ಔಷಧಿಯಿದೆ. ಕೇಳಬೇಕು ಅಷ್ಟೇ.

ನಾಳೆ ಅವರು ಬಂದಾಗ ನೀನೇ ಬಾಯಿಬಿಡು. ಇಲ್ಲದಿದ್ದರೆ ನಾನು ಒಂದು ಹನಿ ರಕ್ತವನ್ನೂ ಕೊಡುವುದಿಲ್ಲ. ಗೋಗರೆದರೂ ಇಲ್ಲ, ಮೂತಿ ಊದಿಸಿಕೊಂಡರೂ ಇಲ್ಲ.

ಹುಟ್ಟಿದಾಗಿನಿಂದ ನಿನ್ನ ಬೆನ್ನು ಬಿಡದ,
ಬಾಲ

ಇನ್ನೊಂದು ಮಾತು: ಮೇಲಿನ ಬೆದರಿಕೆ ಬರೀ ಬುರುಡೆ. ಮೊನ್ನೆಯೇ ರಕ್ತದಿಂದ ಆ ಸೆಲ್‌ಗಳನ್ನು ಸೋಸಿ ತೆಗೆಯುವ ಯಂತ್ರದ ಪಕ್ಕ ಮಲಗಿ ಎಲ್ಲ ಕೊಟ್ಟು ಬಂದಿದ್ದೇನೆ. ನಿನ್ನ ಹೆಸರು ಬರೆದು ತಣ್ಣಗೆ ಕಾಪಿಟ್ಟಿದ್ದಾರೆ. ನನ್ನ ಸುಸ್ತು ಕಂಡರೆ ನೀನು ಬೇಡ ಅನ್ನುತ್ತೀಯೆಂದು ಹೇಳಿರಲಿಲ್ಲ. ಈಗ ನಿನ್ನನ್ನು ಹೆದರಿಸಲು ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ನೀನು ಸುಳ್ಳು ಹೇಳಿದರೂ ಅವು ನಿನ್ನವೇ. ಆದರೂ ನಿಜ ಹೇಳೇ, ಅಕ್ಕ. ನನಗೆ ನೀನು ಬೇಕು.