ದೊಡ್ಡಪ್ಪ, ಚಿಕ್ಕಪ್ಪ ಮತ್ತು ಒಂದು ಆಂಟೆನಾ

ಬಾಗಲಗುಂಟೆ
೧೨ ಜೂನ್ ೨೦೨೫

ಪ್ರೀತಿಯ ಸರಳಾ,

ನಮ್ಮ ಕಂಪನಿಯ ಹೆಬ್ಬಾಳದ ಆಫೀಸಿಗೆ ಹೋದ ಮೇಲೆ ಹೇಗಿದ್ದೀಯ? ಎರಡು ತಿಂಗಳು ಬರೆಯದೇ ಇದ್ದದ್ದಕ್ಕೆ ಬೈ, ತಲೆಬಾಗಿ ಕೇಳಿಸಿಕೊಳ್ತೀನಿ. ಅಮ್ಮಿ ದಿನಾ ನಿನ್ನ ವಿಚಾರಿಸ್ತಾರೆ.

ಇಲ್ಲೊಂದು ಐತಿಹಾಸಿಕ ಘಟನೆ ನಡೆದಿದೆ. ನೀರಿನ ಮೀಟರಿನ ಆಂಟೆನಾ ಡಿಸೈನ್ ಮಾಡೋಕೆ ಯಾವ ಸಿಮ್ಯುಲೇಶನ್ ಸಾಫ್ಟ್‌ವೇರ್ ಕೊಳ್ಳಬೇಕು, ಎರಡನ್ನು ಹೋಲಿಸಿ ವರದಿ ಕೊಡಿ ಅಂದ್ರು ಸುಬ್ರಮಣಿ ಸರ್. ದುಬಾರಿಯದಕ್ಕೆ ದೊಡ್ಡಪ್ಪ, ಅಗ್ಗದ್ದಕ್ಕೆ ಚಿಕ್ಕಪ್ಪ ಅಂತ ನಾನೇ ನಾಮಕರಣ ಮಾಡಿದೆ. ಆದರೆ ಹೋಲಿಕೆಯ ಟೇಬಲ್ ಅವರ ಕೈಯಲ್ಲಿ ಆಗಲೇ ಸಿದ್ಧ! ಗೆದ್ದವನು ದೊಡ್ಡಪ್ಪ. ಬಾಕಿ ಇದ್ದದ್ದು ನನ್ನ ಸಹಿ.

ಲೆಕ್ಕಕ್ಕೆ ಅಂತ ಆಂಟೆನಾವನ್ನು ಚೂರು ಚೂರು ಮಾಡೋ ಮೆಶ್ ಇದೆಯಲ್ಲ, ಅದನ್ನ ಆ ಟೇಬಲ್ಲಿಗೆ ಅಂತ ದೊಡ್ಡಪ್ಪನಿಗೆ ಚಿರೋಟಿ ರವೆಯಷ್ಟು ಸಣ್ಣಗೆ ಕೊಟ್ಟಿದ್ರು, ಚಿಕ್ಕಪ್ಪನಿಗೆ ಜಲ್ಲಿಕಲ್ಲಿನಷ್ಟು ದಪ್ಪಗೆ. ಪಾಪ, ೮೬೬ ಮೆಗಾಹರ್ಟ್ಸ್ ಬರಬೇಕಾದ ಕಡೆ ೮೯೧ ಅಂದುಬಿಟ್ಟಿದ್ದ.

ನಿಜವಾದ ಆಂಟೆನಾವನ್ನೇ ಮನೆ ತಾರಸಿಗೆ ಒಯ್ದು ಅಳೆದೆ. ಮೊದಲು ಅದೂ ತಪ್ಪು ತೋರಿಸ್ತು. ಪಕ್ಕದಲ್ಲೇ ಓನರ್ ಮುನಿಕೆಂಪಮ್ಮನವರ ಒದ್ದೆ ಸೀರೆಗಳು. ಸ್ವಲ್ಪ ತೆಗೀರಿ ಅಂದೆ.

"ಅದನ್ನ ಇಂಗೆ ಮಡಗಿದ್ರೆ ಟೀವಿ ಬತ್ತದೇನವ್ವ?" ಅಂತ ಗೊಣಗ್ತಾ ತೆಗೆದ್ರು. ತಕ್ಷಣ ೮೬೬! ಆಮೇಲೆ ಇಬ್ಬರಿಗೂ ಒಂದೇ ರವೆ ಹಾಕಿ ಓಡಿಸಿದೆ. ದೊಡ್ಡಪ್ಪ ೮೬೭, ಚಿಕ್ಕಪ್ಪ ೮೬೮.

ಅಗ್ಗದ್ದೇ ಸಾಕು ಅಂತ ಬರೆದುಕೊಟ್ಟೆ. ಸುಬ್ರಮಣಿ ಸರ್ ನೋಡಿದ್ರು. "ಮೇಡಂ, ನಾನು ಕೇಳಿದ್ದು ಸಹಿ, ಸಂಶೋಧನೆ ಅಲ್ಲ. ಹಾಕ್ತೀರೋ, ಸ್ಟೋರ್ಸಿಗೆ ಹೋಗ್ತೀರೋ?"

"ಸ್ಟೋರ್ಸಲ್ಲಿ ಫ್ಯಾನ್ ಇದೆಯಾ ಸರ್?" ಅಂದೆ.

ಇಲ್ಲ ಕಣೇ. ಹನ್ನೊಂದು ವರ್ಷ ಅನುಭವದ ಡಿಸೈನ್ ಎಂಜಿನಿಯರ್ ಸೋಮವಾರದಿಂದ ಸ್ಕ್ರೂ ಎಣಿಸ್ತಿದ್ದಾಳೆ, ಬೆವರು ಸುರಿಸ್ತಾ, ತಲೆ ಎತ್ತಿಕೊಂಡು. ಎಣಿಕೆಯಲ್ಲೂ ಒಂದು ತಪ್ಪು ಸಿಗಲ್ಲ, ಹುಡುಕಿ ಸಾಯಲಿ.

ನಿನ್ನ ಮಗಳಿಗೆ ನನ್ನ ಮುದ್ದು. ಮೇಲಿರೋನು ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ
ಕುಲ್ಸುಮ್

ತಾ.ಕ.: ಆ ಟೇಬಲ್ಲಿನ ಕೆಳಗೆ ನಾನು ಖಾಲಿ ಬಿಟ್ಟ ಜಾಗದಲ್ಲಿ ನಿನ್ನೆ ನಿನ್ನ ಸಹಿ ನೋಡಿದೆ. ಮೊದಲು ಮೆಶ್ ನೋಡು, ಆಮೇಲೆ ಉತ್ತರ ನೋಡು ಅಂತ ನನಗೆ ಕಲಿಸಿದವಳೇ ನೀನು. ಹಾಗಾಗಿ ಕಣ್ತಪ್ಪಿ ಹಾಕಿದ್ದೀಯ ಅಂತ ನಂಬೋಕೂ ಆಗ್ತಿಲ್ಲ. ಭಾನುವಾರ ಬಾ. ಎರಡೂ ಸಾಫ್ಟ್‌ವೇರಿನ ಟ್ರಯಲ್ ಕಾಪಿ ನನ್ನ ಲ್ಯಾಪ್‌ಟಾಪಲ್ಲಿದೆ, ನೀನೇ ಓಡಿಸು. ಆಮೇಲೂ ಆ ಸಹಿ ಇರಲಿ ಅನ್ನೋದಾದ್ರೆ, ನನ್ನೆದುರು ಕೂತು ಹೇಳು. ಬರಲಿಲ್ಲ ಅಂದ್ರೆ ಲ್ಯಾಪ್‌ಟಾಪ್ ಹೊತ್ಕೊಂಡು ನಾನೇ ಹೆಬ್ಬಾಳಕ್ಕೆ ಬರ್ತೀನಿ.