ಸದ್ದಾಗದಂತೆ ನುಡಿಸಿದ್ದು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ವಾರ್ಡಿನಲ್ಲಿ ನಿಂತಿರುವವಳು ನೀನು, ರೋಗಿಗಳಿಗೆ ಬುದ್ಧಿ ಹೇಳಿ ನಿನ್ನ ಮಾತ್ರೆ ನೀನೇ ಮರೆಯುವವಳು. ಭಾವನಿಗೆ ಹೇಳಿ ನೆನಪು ಮಾಡಿಸಿಕೋ. ಅಮ್ಮ ಇದ್ದ ಹಾಗೇ ಇದ್ದಾಳೆ. ತಲೆಯ ಆಪರೇಷನ್ ಆಗಿ ಎರಡು ವರ್ಷವಾಯಿತಲ್ಲ, ಗಾಯ ಮಾಯ್ದಿದೆ, ಆದರೆ ಸದ್ದು ಮಾತ್ರ ಇನ್ನೂ ತಡೆಯುವುದಿಲ್ಲ. ಸ್ಟೀಲ್ ತಟ್ಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದೇನೆ. ಕರೆಗಂಟೆ ಕಿತ್ತಿದ್ದೇವೆ. ಬಂದವರು ಬಾಗಿಲನ್ನು ಬೆರಳಿನಿಂದ ಕೆರೆಯುತ್ತಾರೆ, ಬೆಕ್ಕು ಬಂದ ಹಾಗೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಹೆಸರೆತ್ತಿದ ಕೂಡಲೇ ನಿನಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಕಾಗದವನ್ನಾದರೆ ನೀನು ಹರಿಯುವ ಮೊದಲು ಓದುತ್ತೀಯ, ನನಗೆ ಗೊತ್ತು. ನಿನ್ನ ಮದುವೆಯ ದಿನ ಒಂದೇ ಒಂದು ಹಾಡು ನುಡಿಸಿ ಅಂತ ನೀನು ಕೇಳಿದ್ದೆ. ಊರೆಲ್ಲರ ಮದುವೆಗೆ ಗಿಟಾರ್ ನುಡಿಸಿದ ಮನುಷ್ಯ ಮಗಳ ಮದುವೆಯಲ್ಲಿ "ಮನಸ್ಸಿಲ್ಲಮ್ಮ" ಅಂದು ಕೈಕಟ್ಟಿ ಕೂತರು. ಅಪ್ಪನಿಗೆ ಭಾವ ಒಪ್ಪಿಗೆಯಿಲ್ಲ ಎಂದುಕೊಂಡು ನೀನು ಅವತ್ತಿನಿಂದ ಅವರೊಂದಿಗೆ ಮಾತು ಬಿಟ್ಟೆ. ನಾನೂ ಹಾಗೇ ಅಂದುಕೊಂಡಿದ್ದೆ ಅಕ್ಕಾ. ನಾವಿಬ್ಬರೂ ತಪ್ಪು ತಿಳಿದಿದ್ದೆವು.

ಮದುವೆಯ ನಂತರ ಅಪ್ಪ ಗಿಟಾರನ್ನೇ ಮುಟ್ಟಿರಲಿಲ್ಲ. ಆ ದೊಡ್ಡ ಆಂಪ್ಲಿಫೈಯರ್ ಗೊತ್ತಲ್ಲ, ಅಮ್ಮ "ನನ್ನ ಸವತಿ" ಅಂತ ಕರೆಯುತ್ತಿದ್ದದ್ದು, ಅದರ ಮೇಲೆ ಬಟ್ಟೆ ಮಡಚಿ ಇಡುತ್ತಿದ್ದೆವು. ಡಿಸೆಂಬರಿನಲ್ಲಿ ಒಂದು ದಿನ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಕಿಟಕಿಯ ಹತ್ತಿರ ನಿಂತಿದ್ದರು. ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಮಾತು ಕೇಳುತ್ತಿಲ್ಲ ಅಂದರು. ವಯಸ್ಸಾಯಿತಲ್ಲ, ಸಂಧಿನೋವು ಅಂತ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಗುಂಡಿ ಹಾಕಿಕೊಟ್ಟೆ. ಆಮೇಲೆ ಅವರೇ, ನನ್ನ ಮುಖ ನೋಡದೆ, ಕೈ ಪೂರ್ತಿ ಹೋಗುವ ಮುಂಚೆ ಒಂದನ್ನು ರೆಕಾರ್ಡ್ ಮಾಡಿ ಇಡಬಹುದಾ ಅಂತ ಕೇಳಿದರು. ಅದಕ್ಕೆ ಮುಂಚೆ ಅಪ್ಪ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

ಕೇಳಿದ್ದು ಸಣ್ಣದು, ಮಾಡುವುದು ದೊಡ್ಡದು. ಆ ಆಂಪಿನ ದನಿ ಬರುವುದೇ ಅದನ್ನು ಜೋರಾಗಿ ಇಟ್ಟಾಗ. ಮೆಲ್ಲಗಿಟ್ಟರೆ ನೆಗಡಿಯಾದ ಹಾಗೆ ಕೇಳುತ್ತದೆ. ಜೋರಾಗಿಟ್ಟರೆ ಅಮ್ಮನ ಗತಿ? ಬೇರೆ ಕಡೆ ಹೋಗೋಣವೆಂದರೆ ಅಮ್ಮನನ್ನು ಒಂಟಿಯಾಗಿ ಬಿಟ್ಟು ಅಪ್ಪ ಮೆಟ್ಟಿಲನ್ನೂ ಇಳಿಯುವುದಿಲ್ಲ. ಮೊದಲ ಸಲ ಆಂಪನ್ನು ಬಟ್ಟೆಯ ಬೀರುವಿನೊಳಗೆ ತಳ್ಳಿ, ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿದೆ. ಅಪ್ಪ ತಂತಿ ಮುಟ್ಟಿದರು ನೋಡು, ಬೀರುವೇ ಗುಡುಗಿತು. ಹಿಂದಿನ ಕೋಣೆಯಲ್ಲಿ ಅಮ್ಮ ಎರಡೂ ಕೈಯಿಂದ ತಲೆ ಹಿಡಿದು ಗೋಡೆಗೆ ಒರಗಿದ್ದಳು. ಅಪ್ಪ ಪ್ಲಗ್ ಕಿತ್ತು, "ಬೇಡ ಬಿಡು ಪುಟ್ಟಿ" ಅಂದು ಗಿಟಾರನ್ನು ಮಂಚದ ಕೆಳಗೆ ಇಟ್ಟುಬಿಟ್ಟರು.

ನಾನು ಬಿಡಲಿಲ್ಲ. ಸೋಫಾ ಹೊಲಿಯುವವಳಿಗೆ ಮೆತ್ತೆ ಹಾಕುವುದನ್ನು ಯಾರೂ ಕಲಿಸಬೇಕಿಲ್ಲ, ಆದರೆ ಸದ್ದಿಗೆ ಮೆತ್ತೆ ಹಾಕುವುದು ಬೇರೆಯೇ ವಿದ್ಯೆ. ಅಪ್ಪನ ಹಳೆಯ ಸ್ನೇಹಿತರು, ರೇಡಿಯೋ ರಿಪೇರಿಯ ಮಾವ, ಬಂದು ದಾರಿ ತೋರಿಸಿದರು. ಆಂಪನ್ನು ಮುಚ್ಚಿಟ್ಟರೆ ಬಿಸಿಯಾಗಿ ಸುಡುತ್ತದೆ, ಅದು ಹೊರಗೇ ಇರಲಿ, ಸ್ಪೀಕರನ್ನು ಮಾತ್ರ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಉದ್ದ ವೈರಿನಲ್ಲಿ ಜೋಡಿಸು ಅಂದರು. ಸ್ಪೀಕರ್ ಜೋಡಿಸದೆ ಮಾತ್ರ ಯಾವತ್ತೂ ಆಂಪ್ ಚಾಲೂ ಮಾಡಬೇಡ, ಕೆಟ್ಟುಹೋಗುತ್ತದೆ ಅಂತ ಮೂರು ಸಲ ಹೇಳಿದರು. ಪ್ಲೈವುಡ್ಡಿನ ಪೆಟ್ಟಿಗೆ, ಅದರ ಸುತ್ತ ಇನ್ನೊಂದು ಪೆಟ್ಟಿಗೆ, ನಡುವೆ ಅಂಗಡಿಯಿಂದ ತಂದ ದಪ್ಪ ಫೋಮು. ನೆಲಕ್ಕೆ ಅದುರು ಇಳಿಯದಂತೆ ಪೆಟ್ಟಿಗೆಯ ಕೆಳಗೆ ಸೈಕಲ್ ಟ್ಯೂಬಿನ ತುಂಡುಗಳು. ಒಳಗೆ, ಸ್ಪೀಕರಿನಿಂದ ನಾಲ್ಕು ಬೆರಳು ದೂರದಲ್ಲಿ ಮೈಕು. ಅಪ್ಪ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಬಾಯಿಗೆ ಬಟ್ಟೆ ತುರುಕಿದ ಹಾಗಿದೆ ಅಂದರು. ಒಳಗಿನ ಫೋಮನ್ನು ಸ್ವಲ್ಪ ಕತ್ತರಿಸಿದೆ. ಈಗ ಕಿವಿಗೆ ಸೂಜಿ ಚುಚ್ಚಿದ ಹಾಗಿದೆ ಅಂದರು. ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಸರಿಸಿದೆ. ಹೀಗೆ ಮೂರು ಭಾನುವಾರ. ನಾಲ್ಕನೆಯ ಭಾನುವಾರ ಅವರು ಕಣ್ಣು ಮುಚ್ಚಿಕೊಂಡು ನುಡಿಸುತ್ತಲೇ ಹೋದರು.

ಹೊರಗಿನಿಂದ ನೋಡಿದರೆ ಎಂಥ ದೃಶ್ಯ ಅಂತೀಯ! ಪೆಟ್ಟಿಗೆಯೊಳಗೆ ಆಕಾಶ ಕಳಚಿ ಬೀಳುವಷ್ಟು ಸದ್ದು. ಕೋಣೆಯಲ್ಲಿ ತಂತಿಯ ಟಿಕ್ ಟಿಕ್ ಮತ್ತು ಎಲ್ಲೋ ಎರಡು ಮನೆಯಾಚೆ ಯಾರೋ ಗೊಣಗಿದಂಥ ಒಂದು ದನಿ, ಅಷ್ಟೇ. ಆಗ ಅಮ್ಮ ಗೋಡೆ ಹಿಡಿದುಕೊಂಡು ಬಂದು ಅಪ್ಪನ ಎದುರು ಕುರ್ಚಿಯಲ್ಲಿ ಕೂತಳು. ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಎರಡು ಬೆರಳು ಸುಮ್ಮನೆ ಮಡಚಿಕೊಂಡಿದ್ದವು, ಉಳಿದೆರಡರಲ್ಲೇ ಅಪ್ಪ ತಡವರಿಸುತ್ತ ದಾರಿ ಹುಡುಕುತ್ತಿದ್ದರು. ನಿಲ್ಲಿಸಿದಾಗ ಅಮ್ಮ ಮೆಲ್ಲಗೆ ಕೇಳಿದಳು, "ಯಾವುದು ಇದು? ನಾನು ಕೇಳೇ ಇಲ್ಲ."

"ದೊಡ್ಡೋಳ ಮದುವೆಗೆ ಅಂತ ಕಟ್ಟಿದ್ದೆ" ಅಂದರು ಅಪ್ಪ.

ಅಮ್ಮ ಬಾಗಿ ಅವರ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಎಲ್ಲ ಹೇಳಿದಳು. ನಿನ್ನ ಮದುವೆಗೆ ಹತ್ತು ದಿನ ಮುಂಚೆಯೇ ಅಮ್ಮನ ತಲೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿತ್ತಂತೆ. ಹೇಳಿದರೆ ನೀನು ಮದುವೆ ಮುಂದೂಡುತ್ತೀಯ ಅಂತ ಇಬ್ಬರೂ ಬಾಯಿ ಹೊಲಿದುಕೊಂಡರು. ಜೋರು ಸದ್ದಾದರೆ ಅವಳಿಗೆ ಕಣ್ಣು ಕತ್ತಲೆ ಬಂದು ವಾಂತಿಯಾಗುತ್ತಿತ್ತು. ಅವತ್ತು ಸೆರಗು ಹೊದ್ದು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಕೂತಿದ್ದಳಂತೆ. ಅಪ್ಪ ಆಂಪ್ ಹಚ್ಚಿದ್ದರೆ ಮಂಟಪದಲ್ಲೇ ಬೀಳುತ್ತಿದ್ದಳು. ನಮಗೆ ಕಾಯಿಲೆ ಗೊತ್ತಾದದ್ದು ನೀನು ಹೊರಟು ತಿಂಗಳಾದ ಮೇಲೆ. ಆಮೇಲಾದರೂ ಯಾಕೆ ಹೇಳಲಿಲ್ಲ ಅಂತ ಅಪ್ಪನನ್ನು ಕೇಳಿದೆ. "ಹೇಳಿದ್ರೆ ನನ್ನಿಂದಾಗಿ ಹೀಗಾಯ್ತು ಅಂತ ನಿಮ್ಮಮ್ಮ ಕೊರಗ್ತಾಳೆ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ ಬಿಡು" ಅಂದರು.

ಅಮ್ಮ ತನಗೂ ಹೆಡ್‌ಫೋನ್ ಕೊಡು ಅಂದಳು. ಬೇಡವೆಂದರೂ ಬಿಡಲಿಲ್ಲ. ಆದಷ್ಟು ಸಣ್ಣಗೆ ಮಾಡಿ ಕೊಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ, ಹಣೆ ಬೆವರಿತು, ತೆಗೆದುಬಿಟ್ಟಳು. ಅವಳಿಗೆ ಸಿಕ್ಕಿದ್ದು ಅಷ್ಟೇ. ಅಪ್ಪನ ಮಂಡಿಯ ಮೇಲೆ ಕೈಯಿಟ್ಟು "ಚೆನ್ನಾಗಿದೆ ರೀ" ಅಂದಳು.

ಇದರ ಜೊತೆ ಪೆನ್‌ಡ್ರೈವ್ ಇದೆ. ಮೂರೂವರೆ ನಿಮಿಷ. ಕೊನೆಯ ಭಾಗ ಇಲ್ಲ, ಬೆರಳು ಆಗಲಿಲ್ಲ. ನಿಂತ ಮೇಲೆ ಆಂಪಿನ ಗುಂಯ್ ಅನ್ನುವ ದನಿ ಒಂದು ನಿಮಿಷ ಹಾಗೇ ಓಡುತ್ತದೆ. ಕತ್ತರಿಸಬಹುದಿತ್ತು, ಕತ್ತರಿಸಲಿಲ್ಲ. ಆ ಒಂದು ನಿಮಿಷ ಅಪ್ಪ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಭಾವನಿಗೆ ನನ್ನ ನಮಸ್ಕಾರ. ನಿನಗೆ ಅಪ್ಪ ಅಮ್ಮ ಇಬ್ಬರ ಆಶೀರ್ವಾದ. ಇಬ್ಬರದೂ ಅಂತ ಅಡಿಗೆರೆ ಹಾಕಿದ್ದೇನೆ, ನೋಡು.

ನಿನ್ನ
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಪ್ಪನದು ಸಂಧಿನೋವಲ್ಲವಂತೆ ಅಕ್ಕಾ. ಗುರುವಾರ ದೊಡ್ಡ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದರು, ನರಗಳೇ ಒಂದೊಂದಾಗಿ ಸಾಯುವ ಕಾಯಿಲೆ, ಮದ್ದಿಲ್ಲ. ಕೈಯಾದ ಮೇಲೆ ನಾಲಿಗೆಯಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ನಿನ್ನೆ ನನ್ನನ್ನು ಕರೆಯಲು ಹೋಗಿ ಎರಡು ಸಲ ತೊದಲಿ, ನಕ್ಕುಬಿಟ್ಟರು. ರಜೆ ಸಿಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುತ್ತಾ ಕೂರಬೇಡ. ಅವರಿಗೆ ಮಾತಿರುವಾಗಲೇ ಬಾ.