ನಾವು ಸಿನಿಮಾ ನೋಡುತ್ತಿಲ್ಲ

ಬಸವಕಲ್ಯಾಣ, ಬುಧವಾರ

ಇಂಟರ್ನೆಟ್ ಕಚೇರಿಯ ಗುರುಶಾಂತಪ್ಪನವರಿಗೆ ಮೀರಾಬಾಯಿಯ ನಮಸ್ಕಾರ.

ನನಗೆ ಕಿವಿ ಕೇಳುವುದಿಲ್ಲ, ಅದಕ್ಕೇ ಈ ಪತ್ರ. ಡೇಟಾ ಹೆಚ್ಚು ಬಳಸಿದೆವೆಂದು ನಮ್ಮ ಮನೆಯ ಇಂಟರ್ನೆಟ್ ವೇಗ ಇಳಿಸಿದ್ದೀರಿ. ವಿಚಾರಿಸಲು ಬಂದಾಗ ನಿಮ್ಮ ಕೌಂಟರಿನವರು, "ದಿನಾ ಪಿಚ್ಚರ್ ನೋಡಾಕತ್ತೀರಿ, ಜಾಸ್ತಿ ರೊಕ್ಕ ಕಟ್ರಿ" ಎಂದರಂತೆ. ಜೊತೆಗಿದ್ದ ನೆರೆಮನೆಯ ಸರಿತಾ ಬರೆದು ತೋರಿಸಿದಳು.

ನಾವು ಸಿನಿಮಾ ನೋಡುತ್ತಿಲ್ಲ. ಹುಮನಾಬಾದಿನಲ್ಲಿರುವ ನನ್ನ ಮಗಳು ಆಮ್ರಪಾಲಿಗೂ ಕೇಳಿಸುವುದಿಲ್ಲ. ಅವಳು ಗರ್ಭಿಣಿ, ಈಗ ಒಂಬತ್ತು ತಿಂಗಳು. ಪ್ರಯಾಣ ಬೇಡವೆಂದು ಡಾಕ್ಟರ್ ಹೇಳಿದ್ದಾರೆ. ಅಳಿಯ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಇರುತ್ತಾಳೆ. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ನಾನು ಅಲ್ಲಿರಲಾರೆ. ನಾವು ಕೈಸನ್ನೆಯಲ್ಲಿ ಮಾತಾಡುವವರು, ಹಾಗಾಗಿ ಇಡೀ ದಿನ ವಿಡಿಯೋ ಕರೆ ತೆರೆದಿಟ್ಟಿರುತ್ತೇವೆ.

ನಿನ್ನೆ ಮಧ್ಯಾಹ್ನ ಅವಳು ಕೈ ಎತ್ತಿದಾಗಲೇ ಚಿತ್ರ ನಿಂತುಬಿಟ್ಟಿತು. ಮೆಸೇಜ್ ಕಳಿಸಿದರೂ ಉತ್ತರ ಬರಲಿಲ್ಲ. ಗಂಡನನ್ನು ಸರಿತಾಳಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ನಿದ್ದೆ ಮಾಡುತ್ತಿದ್ದಳು. ಊಟವಾಯಿತೇ ಎಂದು ಕೇಳಲು ಕೈ ಎತ್ತಿದ್ದಳಂತೆ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಮುಂದಿನ ಸಲವೂ ಅದು ಊಟದ ಮಾತೇ ಆಗಿರುತ್ತದೆಂದು ಹೇಗೆ ನಂಬಲಿ? ಹೆಚ್ಚಿನ ಶುಲ್ಕ ಕಟ್ಟುತ್ತೇನೆ. ಹೆರಿಗೆಯಾಗುವವರೆಗಾದರೂ ಮೊದಲಿನ ವೇಗ ಕೊಡಿರಿ. ಉತ್ತರವನ್ನು ದಯವಿಟ್ಟು ಬರೆದೇ ಕೊಡಿರಿ. ಈ ಪತ್ರ ತಂದ ಸರಿತಾ ಅದಕ್ಕಾಗಿ ನಿಮ್ಮ ಕೌಂಟರಿನ ಮುಂದೆ ನಿಂತಿದ್ದಾಳೆ.

ಇಂತಿ,
ಮೀರಾಬಾಯಿ